ಬಾನ್ಜೂರ್ ಇರಲೋ, ಹೋಗಲೋ? ಕಂಪ್ಯೂಟರಿನ ಹಿನ್ನೆಲೆಯಲ್ಲಿ ಓಡುವ ಅಪರಿಚಿತರನ್ನು ವಿಚಾರಿಸುವ ಬಗೆ

ವಿಂಡೋಸ್ 10 ಅಥವಾ 11ರಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಗುರುತು ಪರಿಚಯವಿಲ್ಲದ ಹತ್ತಾರು ಹೆಸರುಗಳು ಅಲ್ಲಿರುತ್ತವೆ. ಹೆಚ್ಚಿನವು ನಿರುಪದ್ರವಿಗಳು. 'ಎಂಡಿಎನ್‌ಎಸ್‌ರೆಸ್ಪಾಂಡರ್' ಎಂಬುದನ್ನೇ ತೆಗೆದುಕೊಳ್ಳಿ. ಆಪಲ್ ಕಂಪನಿಯ ಬಾನ್ಜೂರ್ ಎಂಬ ತಂತ್ರಾಂಶ ಓಡುವುದು ಈ ಹೆಸರಿನಲ್ಲಿ.

ಮೊದಲು ವಿಳಾಸ ನೋಡಿ. 'ಡೀಟೇಲ್ಸ್' ಪಟ್ಟಿಯಲ್ಲಿ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ 'ಓಪನ್ ಫೈಲ್ ಲೊಕೇಶನ್' ಆರಿಸಿದರೆ ಪ್ರೋಗ್ರಾಮ್ ಫೈಲ್ಸ್ ಒಳಗಿನ ಬಾನ್ಜೂರ್ ಫೋಲ್ಡರ್ ತೆರೆಯಬೇಕು. ಹೆಸರನ್ನು ಯಾರು ಬೇಕಾದರೂ ಇಟ್ಟುಕೊಳ್ಳಬಹುದು, ಅದಕ್ಕೇ ಜಾಗ ನೋಡುವುದು. ಉದಾಹರಣೆಗೆ, ವಿಂಡೋಸಿನ ಸರ್ವಿಸ್‌ಗಳನ್ನು ಓಡಿಸುವ ಅಸಲಿ ಎಸ್‌ವಿಸಿಹೋಸ್ಟ್ ಇರುವುದು ಸಿಸ್ಟಮ್32 ಅಥವಾ ಸಿಸ್‌ವಾವ್64 ಫೋಲ್ಡರಿನಲ್ಲಿ. ಅದೇ ಹೆಸರಿನದು ಟೆಂಪ್ ಫೋಲ್ಡರಿನಿಂದ ಓಡುತ್ತಿದ್ದರೆ ಇಂಟರ್ನೆಟ್ ತಪ್ಪಿಸಿ, ವಿಂಡೋಸಿನದೇ ಆಂಟಿವೈರಸ್ ಆದ ಡಿಫೆಂಡರಿನಲ್ಲಿ ಪೂರ್ತಿ ಸ್ಕ್ಯಾನ್ ಮಾಡಿಸಿ.

ಆಮೇಲೆ ಸಹಿ, ಅಂದರೆ ಫೈಲು ಯಾವ ಕಂಪನಿಯದು ಎಂದು ಹೇಳುವ ಡಿಜಿಟಲ್ ಗುರುತು. ಫೈಲಿನ ಪ್ರಾಪರ್ಟೀಸ್‌ನಲ್ಲಿ 'ಡಿಜಿಟಲ್ ಸಿಗ್ನೇಚರ್ಸ್' ತೆರೆದರೆ ಆಪಲ್ ಹೆಸರು ಕಾಣಬೇಕು. ಸಹಿ ಇದೆ ಎಂದ ಮಾತ್ರಕ್ಕೆ ಅದು ನಿಮಗೆ ಬೇಕಾದದ್ದು ಎಂದಲ್ಲ; ಇಲ್ಲ ಎಂದ ಮಾತ್ರಕ್ಕೆ ಕಳ್ಳನೂ ಅಲ್ಲ. ವಿಂಡೋಸಿನ ಎಷ್ಟೋ ಸ್ವಂತ ಫೈಲುಗಳಲ್ಲೇ ಈ ಟ್ಯಾಬ್ ಇರುವುದಿಲ್ಲ, ಅವುಗಳ ಸಹಿ ಬೇರೆ ಕೆಟಲಾಗ್ ಫೈಲಿನಲ್ಲಿರುತ್ತದೆ.

ಬಾನ್ಜೂರ್ ಬರುವುದು ಸಾಮಾನ್ಯವಾಗಿ ಐಟ್ಯೂನ್ಸ್ ಜೊತೆ. ಹಿಂದೆ ಅಡೋಬಿ ಕಂಪನಿಯ ಸಿಎಸ್3 ತಂತ್ರಾಂಶ ಕೂಡ ತರುತ್ತಿತ್ತು. ಮನೆಯ ನೆಟ್‌ವರ್ಕಿನಲ್ಲಿರುವ ಪ್ರಿಂಟರನ್ನೋ ಹಂಚಿಕೊಂಡ ಹಾಡುಗಳನ್ನೋ ವಿಳಾಸ ಟೈಪ್ ಮಾಡದೆಯೇ ಹುಡುಕಿಕೊಡುವುದು ಅದರ ಕೆಲಸ.  ಕೆಲವು ಹಳೆಯ ಆವೃತ್ತಿಗಳು ಹಿನ್ನೆಲೆ ಕೆಲಸಗಳ ಸರ್ವಿಸಸ್ ಪಟ್ಟಿಯಲ್ಲಿ ## ಗುರುತು ಮತ್ತು ಉದ್ದನೆಯ ಸಂಖ್ಯೆಯ ಹೆಸರಿನಲ್ಲಿ ಕಾಣಿಸಿಕೊಂಡು ಜನರನ್ನು ಹೆದರಿಸಿದ್ದೂ ಉಂಟು. ಅದು ವೈರಸ್ ಅಲ್ಲ, ಬರೀ ತಂತ್ರಾಂಶದ ದೋಷ.

ಪ್ರಿಂಟರ್, ಹಾಡು ಹುಡುಕುವ ಈ ಕೆಲಸಗಳೆರಡೂ ನಿಮಗೆ ಬೇಡವಾದರೆ ಬಾನ್ಜೂರನ್ನು ನಿಲ್ಲಿಸಿ ನೋಡಿ, ಆದರೆ ಈಗಲೇ ಅಳಿಸಬೇಡಿ. ಸ್ಟಾರ್ಟ್ ಮೆನುವಿನಲ್ಲಿ 'ಸರ್ವಿಸಸ್' ಹುಡುಕಿ, ಬಾನ್ಜೂರ್ ಮೇಲೆ ಎರಡು ಸಲ ಕ್ಲಿಕ್ ಮಾಡಿ. 'ಸ್ಟಾರ್ಟಪ್ ಟೈಪ್' ಈಗ ಏನಿದೆ ಎಂದು ಬರೆದಿಟ್ಟುಕೊಳ್ಳಿ, ಇದನ್ನು ನೆಚ್ಚಿಕೊಂಡ ಬೇರೆ ಸರ್ವಿಸ್ ಇದೆಯೇ ಎಂದು 'ಡಿಪೆಂಡೆನ್ಸೀಸ್' ಟ್ಯಾಬಿನಲ್ಲಿ ನೋಡಿ. ನಂತರ 'ಸ್ಟಾಪ್' ಒತ್ತಿ, ಟೈಪನ್ನು 'ಡಿಸೇಬಲ್ಡ್' ಮಾಡಿ. ಈಗ ರೀಸ್ಟಾರ್ಟ್ ಮಾಡಬೇಕು, ಶಟ್‌ಡೌನ್ ಸಾಲದು. ಫಾಸ್ಟ್ ಸ್ಟಾರ್ಟಪ್ ಚಾಲೂ ಇದ್ದರೆ ಶಟ್‌ಡೌನ್ ಮಾಡಿದಾಗ ವಿಂಡೋಸ್ ತನ್ನ ಕರ್ನಲ್ (ತಿರುಳು ಭಾಗ) ಸ್ಥಿತಿಯನ್ನು ಡಿಸ್ಕಿನಲ್ಲಿ ಉಳಿಸಿಕೊಂಡು ಅದನ್ನೇ ಮತ್ತೆ ಎಬ್ಬಿಸುತ್ತದೆ, ಹಾಗಾಗಿ ಪರೀಕ್ಷೆ ಸರಿಯಾಗಿ ಆಗುವುದಿಲ್ಲ. ಒಂದು ಸಲಕ್ಕೆ ಒಂದನ್ನೇ ನಿಲ್ಲಿಸಿ; ಮೂರನ್ನು ಒಟ್ಟಿಗೆ ನಿಲ್ಲಿಸಿದ ಮೇಲೆ ಪ್ರಿಂಟರ್ ಮುಷ್ಕರ ಹೂಡಿದರೆ ಯಾರನ್ನು ಕೇಳುತ್ತೀರಿ? ಒಂದು ವಾರ ಬಳಸಿ, ನಡುವೆ ಒಮ್ಮೆ ಪ್ರಿಂಟ್ ತೆಗೆದು ನೋಡಿ.

ತೊಂದರೆ ಕಾಣದಿದ್ದರೆ ಸೆಟ್ಟಿಂಗ್ಸ್‌ನ 'ಆಪ್ಸ್' ಪಟ್ಟಿಯಿಂದಲೇ ಅನ್‌ಇನ್‌ಸ್ಟಾಲ್ ಮಾಡಿ. ಫೋಲ್ಡರನ್ನು ಕೈಯಾರೆ ಅಳಿಸಬೇಡಿ. ಬಾನ್ಜೂರಿನ ಒಂದು ಡಿಎಲ್‌ಎಲ್ (ಸಹಾಯಕ ಫೈಲ್) ನೆಟ್‌ವರ್ಕ್ ವಿಳಾಸಗಳ ಹೆಸರು ಹುಡುಕುವ ವಿಂಡೋಸಿನ ವ್ಯವಸ್ಥೆಯಲ್ಲಿ ನೋಂದಾಯಿಸಿಕೊಂಡಿರುತ್ತದೆ. ಫೈಲ್ ಹೋಗಿ ನೋಂದಣಿ ಉಳಿದರೆ ಇಂಟರ್ನೆಟ್ಟೇ ಕೈಕೊಡಬಹುದು. ಐಟ್ಯೂನ್ಸ್ ಮತ್ತೆ ಹಾಕಿದಾಗ ಬಾನ್ಜೂರ್ ಮರಳಿ ಬಂದರೆ ಗಾಬರಿ ಬೇಡ.

ಅದೇ ಪಟ್ಟಿಯಲ್ಲಿ ಕಾಣುವ, ವಿಂಡೋಸಿನದೇ ಆದ ಸಿಟಿಎಫ್‌ಮಾನ್ ತಂಟೆಗೆ ಮಾತ್ರ ಹೋಗಬೇಡಿ. ಕೀಲಿಮಣೆಯ ಭಾಷೆ ಬದಲಿಸುವ ಕೆಲಸದಲ್ಲಿ ಅದರ ಕೈಯಿದೆ, ನಿಲ್ಲಿಸಿದರೆ ಕನ್ನಡ ಟೈಪಿಂಗಿಗೇ ಅಡ್ಡಿಯಾಗಬಹುದು.