ಡಾಕ್ಟರ್ ಎದುರು "ಆರಾಮ ಅದೀನ್ರಿ" ಅನ್ನುವ ಮೊದಲು

ನಮ್ಮ ಬಾಗಲಕೋಟೆ ಕಡೆ ಯಾರೇ "ಹೆಂಗದೀರಿ?" ಅಂದರೂ ಬಾಯಿಗೆ ಬರುವುದು ಒಂದೇ ಮಾತು, "ಆರಾಮ ಅದೀನ್ರಿ". ಸಂತೆಯಲ್ಲೂ ಅದೇ, ಮನಸ್ಸಿನ ಡಾಕ್ಟರ್ ಮುಂದೆ ಕೂತಾಗಲೂ ಅದೇ. ನಾನು ಒಂದೂವರೆ ವರ್ಷ ಹಾಗೇ ಹೇಳಿದೆ. ಮನಸ್ಸಿನ ವಿಪರೀತ ಏರಿಳಿತ ತಡೆಯಲು ಕೊಟ್ಟ ಲಿಥಿಯಂ ಮಾತ್ರೆಯಿಂದ ಕೈ ನಡುಗುತ್ತಿತ್ತು, ಬಾಯಿ ಒಣಗುತ್ತಿತ್ತು, ಆದರೂ ಆರಾಮ. ಅವರು ಅದೇ ಚೀಟಿ ಮತ್ತೆ ಬರೆದುಕೊಡುತ್ತಿದ್ದರು. ಕೊನೆಗೆ ಯಾರಿಗೂ ಹೇಳದೆ ಮಾತ್ರೆ ಬಿಟ್ಟೆ. ಮೂರು ವಾರದಲ್ಲಿ ನಿದ್ದೆ ಪೂರ್ತಿ ಹೋಯಿತು, ಕಾಯಿಲೆ ಮರುಕಳಿಸಿತು, ಮನೆಯವರೆಲ್ಲ ಹೈರಾಣಾದರು.

ಅದಕ್ಕೇ ಹೇಳುತ್ತೇನೆ, ತ್ರಾಸಾದರೂ ಮಾತ್ರೆ ನೀವಾಗಿಯೇ ಬಿಡಬೇಡಿ, ಅರ್ಧ ಮುರಿದು ತಗೋಬೇಡಿ. ಖಿನ್ನತೆಗೆ ಕೊಡುವ ಎಸ್ಸಿಟಾಲೋಪ್ರಾಮ್‌ನಂಥ ಮಾತ್ರೆ ಒಮ್ಮೆಲೇ ನಿಲ್ಲಿಸಿದರೆ ಕೆಲವರಿಗೆ ತಲೆಸುತ್ತು, ತಲೆಯಲ್ಲಿ ಕರೆಂಟ್ ಹೊಡೆದಂಥ ಅನುಭವ ಆಗುತ್ತೆ. ಡಾಕ್ಟರಿಗೆ ಹೇಳಿದರೆ ಅವರೇ ಸ್ವಲ್ಪ ಸ್ವಲ್ಪವಾಗಿ ಇಳಿಸುತ್ತಾರೆ.

ಹೋಗುವ ಮುಂಚೆ ಒಂದೆರಡು ವಾರ ಬರೆದಿಡಿ. ದೊಡ್ಡ ಡೈರಿ ಏನೂ ಬೇಡ. ನಾನು ಅಡುಗೆಮನೆಯ ಕ್ಯಾಲೆಂಡರ್‌ನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ಗುರುತು ಹಾಕುತ್ತಿದ್ದೆ, ನಡುಕ ಬಂದ ದಿನ 'ನ', ಮಾತ್ರೆ ತಪ್ಪಿದ ದಿನ ಒಂದು ಸೊನ್ನೆ. ಆ ಹಾಳೆಯನ್ನೇ ಹರಿದು ಒಯ್ದೆ. ನೀವು ನುಂಗುವ ಬೇರೆ ಮಾತ್ರೆಗಳ ಚೀಟಿಯನ್ನೂ ಒಯ್ಯಿರಿ, ಬಿಪಿ, ಶುಗರ್, ಮೊಣಕಾಲು ನೋವಿನದು, ಎಲ್ಲವೂ. ಐಬುಪ್ರೊಫೆನ್, ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆ ಜೊತೆಗಿದ್ದರೆ ರಕ್ತದಲ್ಲಿ ಲಿಥಿಯಂ ಏರಿ ಅಪಾಯ ಆಗಬಹುದು. ನಮ್ಮ ಏಪ್ರಿಲ್-ಮೇ ಬಿಸಿಲಲ್ಲಿ ಬೆವರಿ ಮೈಯಲ್ಲಿ ನೀರು ಕಡಿಮೆಯಾದರೂ ಅಷ್ಟೇ.

ಒಳಗೆ ಹೋದ ತಕ್ಷಣ ಮೊದಲು ಮಾತ್ರೆಯ ತ್ರಾಸನ್ನೇ ಹೇಳಿ, ಎದ್ದು ಬರುವಾಗ ಬಾಗಿಲ ಹತ್ತಿರ ನಿಂತು ಅಲ್ಲ. "ಸೈಡ್ ಎಫೆಕ್ಟ್ ಜಾಸ್ತಿ" ಅಂದರೆ ಅವರಿಗೆ ಏನೂ ತಿಳಿಯುವುದಿಲ್ಲ. ನಿಮ್ಮ ಯಾವ ಕೆಲಸ ಕೆಟ್ಟಿದೆ ಅದನ್ನು ಹೇಳಿ. ಮತ್ತೆ ಮಾತ್ರೆ ಶುರುವಾದ ಮೇಲೆ ನಾನು ಒಂದು ದಿನ, "ಸರ್, ರೊಟ್ಟಿ ಬಡಿಯಾಕ ಆಗವಲ್ದ್ರಿ, ಕೈ ನಡುಗಿ ಅಂಚು ಹರೀತಾವ" ಅಂದೆ. ಅವರು ಪೆನ್ನು ಕೆಳಗಿಟ್ಟರು. "ಎರಡೂ ಕೈ ಮುಂದ ಚಾಚ್ರಿ" ಅಂದು ಬೆರಳುಗಳ ಮೇಲೆ ಒಂದು ಹಾಳೆ ಇಟ್ಟರು. ಹಾಳೆ ಪಟಪಟ ಅದುರಿತು. ಕೂಡಲೇ ರಕ್ತ ಪರೀಕ್ಷೆ ಬರೆದರು, ರಿಪೋರ್ಟ್ ನೋಡಿ ಮಾತ್ರೆಯ ಪ್ರಮಾಣ ಇಳಿಸಿದರು. ಒಂದೂವರೆ ವರ್ಷದಲ್ಲಿ ಆಗದ್ದು ಒಂದು ರೊಟ್ಟಿ ಮಾತಿನಿಂದ ಆಯಿತು.

ನಾಚಿಕೆಯ ವಿಷಯಗಳೂ ಇರುತ್ತವೆ. ಗಂಡ ಹೆಂಡತಿ ನಡುವೆ ಆಸೆ ಕಡಿಮೆಯಾಗುವುದು, ಭ್ರಮೆಯ ಕಾಯಿಲೆಗೆ ಕೊಡುವ ರಿಸ್ಪೆರಿಡೋನ್‌ನಂಥ ಮಾತ್ರೆಯಿಂದ ಮುಟ್ಟು ನಿಲ್ಲುವುದು, ಬಾಣಂತಿ ಅಲ್ಲದಿದ್ದರೂ ಎದೆಯಲ್ಲಿ ಹಾಲು ಬರುವುದು. ಡಾಕ್ಟರಿಗೆ ಇದು ಹೊಸದಲ್ಲ. ಅತ್ತೆಯೋ ಅಣ್ಣನೋ ಪಕ್ಕದಲ್ಲಿದ್ದರೆ "ಐದು ನಿಮಿಷ ನಾನೊಬ್ಬಳೇ ಮಾತಾಡ್ತೀನ್ರಿ" ಅನ್ನಿ. ಬಾಯಿಬಿಟ್ಟು ಹೇಳಲು ಆಗದಿದ್ದರೆ ಚೀಟಿಯಲ್ಲಿ ಬರೆದು ಕೈಗೆ ಕೊಡಿ.

ಆಮೇಲೆ ಕೇಳಿ: ಇದು ತಾನಾಗಿ ಹೋಗುತ್ತಾ? ಬೆಳಗಿನ ಮಾತ್ರೆ ರಾತ್ರಿಗೆ ಹಾಕಿಕೊಂಡರೆ ನಡೆಯುತ್ತಾ? ಬೇರೆ ಮಾತ್ರೆ ಇದೆಯಾ? ಕೆಲವು ಮಾತ್ರೆಗಳ ಹೊಟ್ಟೆ ತೊಳಸುವಿಕೆ ಒಂದೆರಡು ವಾರದಲ್ಲಿ ಇಳಿಯುತ್ತೆ, ಆದರೆ ಭ್ರಮೆಯ ಕಾಯಿಲೆಗೇ ಕೊಡುವ ಒಲಾಂಜಪಿನ್‌ನಿಂದ ಏರುವ ತೂಕ ಸುಮ್ನೆ ಕಾದರೆ ಇಳಿಯುವುದಿಲ್ಲ, ಅದಕ್ಕೆ ತೂಕ, ಶುಗರ್ ಎರಡನ್ನೂ ಆಗಾಗ ನೋಡಿಸಬೇಕು. ಇಷ್ಟೆಲ್ಲ ಕೇಳಿದರೆ ಅವರಿಗೆ ಸಿಟ್ಟು ಬರುತ್ತೇನೋ ಅನಿಸುತ್ತೆ ಅಲ್ವಾ? ಮಾತ್ರೆಯ ಅಡ್ಡ ಪರಿಣಾಮಗಳನ್ನು ನಮಗೆ ತಿಳಿಯುವ ಭಾಷೆಯಲ್ಲಿ ತಿಳಿದುಕೊಳ್ಳುವ ಹಕ್ಕನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ಕೊಟ್ಟಿದೆ. ಧೈರ್ಯವಾಗಿ ಕೇಳಿ.

ಕೆಲವಕ್ಕೆ ಮುಂದಿನ ತಾರೀಕಿನವರೆಗೆ ಕಾಯಲೇಬಾರದು. ಲಿಥಿಯಂ ತಗೊಳ್ಳುವವರಿಗೆ ವಾಂತಿ-ಭೇದಿ, ನಡೆಯುವಾಗ ಜೋಲಿ, ಜೋರು ನಡುಕ ಬಂದರೆ, ಯಾವ ಮಾತ್ರೆಯಿಂದಲೇ ಆಗಲಿ ಜ್ವರದ ಜೊತೆ ಮೈ ಸೆಟೆದುಕೊಂಡರೆ, ಮೈಮೇಲೆ ಗುಳ್ಳೆ ಎದ್ದರೆ, ಸಾಯುವ ಯೋಚನೆ ಬಂದರೆ, ಅವತ್ತೇ ಆಸ್ಪತ್ರೆಗೆ ಹೋಗಿ. ಉಳಿದ ತೊಂದರೆಗೆ ಡಾಕ್ಟರ್ ಸಿಗದಿದ್ದರೆ ಸರ್ಕಾರದ ಮನಸ್ಸಿನ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಇರುತ್ತೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಫೋನ್ ಹಚ್ಚುವಾಗ ಮಾತ್ರೆಯ ಪಟ್ಟಿ ಕೈಯಲ್ಲಿರಲಿ, ಹೆಸರು ಓದಿ ಹೇಳಬೇಕಾಗುತ್ತೆ.