ಮೋಟಾರ್ ಅಂಗಡಿಯ ಮೈಲರ್ ಶೀಟ್‌ನಿಂದ ಹರಿದ ಹಾಯಿ ಸರಿಮಾಡಿದ್ದು: ನನ್ನ ಅನುಭವ

ನನ್ನ ವಿಂಡ್‌ಸರ್ಫಿಂಗ್ ಬೋರ್ಡಿನ 5.8ರ (ಚದರ ಮೀಟರ್) ಹಾಯಿ ಮತ್ತೆ ನೀರಿಗೆ ಇಳಿದಿದೆ. ಜನವರಿಯಿಂದ ಮೇ ಕೊನೆಯವರೆಗೆ ಕಾರವಾರದಲ್ಲಿ ಗಾಳಿ ಎದ್ದಾಗಲೆಲ್ಲ ಓಡಿಸಿದ್ದೇನೆ. ಒಂದು ಹೊಲಿಗೆಯೂ ಬಿಟ್ಟಿಲ್ಲ. ಹರಿದದ್ದು ಅದರ ಮೊನೊಫಿಲ್ಮ್, ಅಂದರೆ ಆಚೆ ಕಾಣುವ ಪ್ಲಾಸ್ಟಿಕ್ ಹಾಳೆ. "ಮೊನೊಫಿಲ್ಮ್ ಎಲ್ಲ ನಮ್ಮೂರಲ್ಲಿ ಹೊಲಿಯೋ ವಸ್ತು ಅಲ್ಲ, ಅಡಿಕೆ ಮುಚ್ಚೋಕೆ ಇಟ್ಕೊ" ಅಂದವರೇ ಈಗ ಬಂದು ಹೊಲಿಗೆ ಮುಟ್ಟಿ ನೋಡುತ್ತಾರೆ, ಯಾರು ಮಾಡಿಕೊಟ್ಟರು ಅಂತ ಕೇಳುತ್ತಾರೆ. ನಾನೇ ಮಾಡಿದ್ದು. ಹೇಗೆ ಮಾಡಿದೆ ಅಂತ ಬರೆಯುತ್ತೇನೆ, ಇನ್ನೊಬ್ಬರ ದುಡ್ಡಾದರೂ ಉಳಿಯಲಿ.

ಹಾಯಿ ಗೋವಾದಿಂದ ಸೆಕೆಂಡ್ ಹ್ಯಾಂಡ್ ತಂದದ್ದು. ಸುಮಾರು 15 ಸಾವಿರ ಕೊಟ್ಟಿದ್ದೆ. ಕಾಳಿ ಅಳಿವೆಯ ಹತ್ತಿರ ಅಲೆ ಒಡೆಯುವ ಜಾಗದಲ್ಲಿ ಬಿದ್ದಾಗ ಸೊಂಟಕ್ಕೆ ಕಟ್ಟಿಕೊಳ್ಳುವ ಹಾರ್ನೆಸ್ ಪಟ್ಟಿಯ ಕೊಕ್ಕೆ ನಡುವಿನ ಕಿಟಕಿ ಪ್ಯಾನೆಲ್‌ಗೆ ಹೊಕ್ಕಿತು. ಫಿಲ್ಮ್ ಹೊಸದಾಗಿದ್ದರೆ ಒಂದು ತೂತು ಬಿದ್ದು ಅಲ್ಲಿಗೇ ನಿಲ್ಲುತ್ತಿತ್ತು. ಇದು ಬಿಸಿಲಿಗೆ ಬೆಂದು ಹಳದಿ ತಿರುಗಿದ ಫಿಲ್ಮ್. ಬೂಮ್ (ಕೈಯಲ್ಲಿ ಹಿಡಿಯುವ ಅಡ್ಡ ಕೋಲು) ಹತ್ತಿರದಿಂದ, ಹಾಯಿಯನ್ನು ಬಿಗಿಯಾಗಿಡುವ ಪಟ್ಟಿಗಳಲ್ಲಿ ಮೇಲಿನ ಬ್ಯಾಟನ್‌ವರೆಗೆ ಚರ್ ಅಂತ ಸೀಳಿಕೊಂಡು ಹೋಯಿತು.

ಹೊಸ ಹಾಯಿ ಅಂದರೆ ಸಾಗಣೆ, ಸುಂಕ ಎಲ್ಲ ಸೇರಿ 60 ಸಾವಿರದ ಮೇಲೆ. ದೂರದ ಊರಿನ ಒಂದು ರಿಪೇರಿ ಅಂಗಡಿಗೆ ಫೋಟೋ ಕಳಿಸಿದೆ. 9 ಸಾವಿರ, ಕೊರಿಯರ್ ಬೇರೆ, ಹಳೇ ಹಾಯಿಗೆ ಗ್ಯಾರಂಟಿ ಕೊಡಲ್ಲ ಅಂದರು. ಗ್ಯಾರಂಟಿ ಇಲ್ಲದ ಕೆಲಸಕ್ಕೆ 9 ಸಾವಿರ ಯಾಕೆ ಕೊಡಬೇಕು, ಅಲ್ವಾ?

ಮೊದಲು ಎಲ್ಲರೂ ಮಾಡುವ ಹಾಗೆ ಟೇಪ್. ಎರಡೂ ಕಡೆ ಹಾಯಿಗೆಂದೇ ಬರುವ ಸೇಲ್ ಟೇಪ್ ಹಾಕಿದೆ, ಸೀಳಿನ ತುದಿಗೆ ದುಂಡನೆಯ ತುಂಡು ಕೂಡ. ಟೇಪ್ ಬಿಡಲಿಲ್ಲ, ಅದರ ಪಕ್ಕದ ಫಿಲ್ಮ್ ಹೊಸದಾಗಿ ಸೀಳಿತು. ಇನ್ನೊಂದು ಟೇಪ್, ಅದರ ಪಕ್ಕ ಇನ್ನೊಂದು ಸೀಳು. ಟೇಪಿಗೇ ಸಾವಿರಕ್ಕಿಂತ ಜಾಸ್ತಿ ಹೋಯಿತು. ಆಮೇಲೆ ಒಂದು ಪರೀಕ್ಷೆ ಕಂಡುಕೊಂಡೆ. ಫಿಲ್ಮನ್ನು ಎರಡು ಬೆರಳಲ್ಲಿ ಹಿಡಿದು ಬಿಗಿಯಾಗಿ ಮಡಚಬೇಕು. ಮಡಿಕೆಯಲ್ಲಿ ಬರೀ ಬಿಳಿ ಗೆರೆ ಬಂದರೆ ಇನ್ನೂ ಜೀವ ಇದೆ, ಟೇಪ್ ಸಾಕು. ಟಕ್ ಅಂತ ಬಿರುಕು ಬಿಟ್ಟರೆ ಆ ಪ್ಯಾನೆಲ್ ಸತ್ತಿದೆ, ಇಡೀ ಪ್ಯಾನೆಲ್ ತೆಗೆಯಲೇಬೇಕು. ನನ್ನದು ಟಕ್ ಅಂದಿತು. ಮೇಲೆ ಕೆಳಗೆ ಇದ್ದ ಎಕ್ಸ್‌ಪ್ಲೈ (ಒಳಗೆ ನೂಲಿನ ಜಾಲ ಇರುವ ಫಿಲ್ಮ್) ಪ್ಯಾನೆಲ್‌ಗಳು ಮಾತ್ರ ಗಟ್ಟಿಯಾಗಿದ್ದವು. ಅವೂ ಹೋಗಿದ್ದರೆ ಈ ಕೆಲಸಕ್ಕೆ ಕೈ ಹಾಕುತ್ತಿರಲಿಲ್ಲ.

ಹಾಗಾದರೆ ಫಿಲ್ಮ್ ಎಲ್ಲಿಂದ? ಶಿರಸಿಯಲ್ಲಿ ನಮ್ಮ ಮಾವ ಅಡಿಕೆ ಒಣಗಿಸುವ ಸೋಲಾರ್ ಡ್ರೈಯರ್‌ಗೆ ಹಾಕಿದ ಪಾಲಿಹೌಸ್ ಶೀಟ್ ಉಳಿದಿತ್ತು. 200 ಮೈಕ್ರಾನ್, ಬಿಸಿಲು ತಡೆಯುತ್ತದೆ, ಪುಕ್ಕಟೆ. ಆದರೆ ಅದು ಪಾಲಿಥೀನ್. ಅಂಟು ಹಿಡಿಯುವುದೇ ಇಲ್ಲ. ಹೇಗೋ ಹೊಲಿದು ಡೌನ್‌ಹಾಲ್ (ಹಾಯಿಯನ್ನು ಕೆಳಕ್ಕೆ ಬಿಗಿಯುವ ಹಗ್ಗ) ಎಳೆದರೆ ಪ್ಯಾನೆಲ್ ಉದ್ದ ಆಗುತ್ತಾ ಹೋಯಿತು. ಗಾಳಿ ಸ್ವಲ್ಪ ಜಾಸ್ತಿಯಾದ ಕೂಡಲೇ ಹೊಟ್ಟೆ ಬಿಟ್ಟುಕೊಂಡು ಹಿಂದಕ್ಕೆ ಜಗ್ಗಿತು. ಫ್ಲೆಕ್ಸ್ ಬ್ಯಾನರ್ ಕೂಡ ನೋಡಿದೆ. ಭಾರ, ಮೂಲೆಯಿಂದ ಮೂಲೆಗೆ ಎಳೆದರೆ ಹಿಗ್ಗುತ್ತದೆ, ಆಚೆ ಕಡೆ ಏನೂ ಕಾಣುವುದಿಲ್ಲ. ಬೈತಖೋಲ ಬಂದರಿನಲ್ಲಿ ದೋಣಿ ಇದ್ದರೆ ಕಾಣದ ಹಾಯಿ ಹಿಡಿದು ಹೋಗುವುದು ಅಪಾಯ.

ದಾರಿ ಸಿಕ್ಕಿದ್ದು ಮನೆಯ ಪಂಪ್ ಸುಟ್ಟಾಗ. ರಿವೈಂಡಿಂಗ್ ಅಂಗಡಿಯವರು ಮೋಟಾರಿನ ಸ್ಟೇಟರ್ (ತಂತಿ ಸುತ್ತುವ ಭಾಗ) ಸಂದಿಗೆ ಶೀಟ್ ಕತ್ತರಿಸಿ ತುರುಕುತ್ತಿದ್ದರು. ಅವರು ಅದಕ್ಕೆ ಮೈಲರ್ ಅನ್ನುತ್ತಾರೆ. ಒಂದು ತುಂಡು ಕೈಗೆ ತೆಗೆದುಕೊಂಡು ಎಳೆದೆ, ಮಡಚಿದೆ, ಉಗುರಿನಿಂದ ಗೀರಿದೆ. ನಮ್ಮ ಮೊನೊಫಿಲ್ಮೂ ಪಾಲಿಯೆಸ್ಟರ್, ಇದೂ ಪಾಲಿಯೆಸ್ಟರ್! ಬಣ್ಣ ಸ್ವಲ್ಪ ಹಾಲು ಹಾಲು, ಅಷ್ಟೇ. 125 ಮೈಕ್ರಾನ್‌ದು ಚದರ ಮೀಟರ್‌ಗೆ ಸುಮಾರು 175 ಗ್ರಾಂ ತೂಗುತ್ತದೆ. ಅಂಗಡಿಯಲ್ಲಿ ಕಿಲೋ ಲೆಕ್ಕದಲ್ಲಿ ಮಾರುತ್ತಾರೆ. ನನಗೆ ಕಿಲೋಗೆ 350ರ ಆಸುಪಾಸು ಬಿತ್ತು, ವೇಸ್ಟ್ ಸೇರಿಸಿದರೂ ಒಂದು ಕಿಲೋ ಮುಗಿಯಲಿಲ್ಲ. ಒಂದು ಮೀಟರ್ ಅಗಲದ ರೋಲ್ ಹುಬ್ಬಳ್ಳಿಯಿಂದ ತರಿಸಿದೆ. ಯಾವ ಅಂಗಡಿ ಅಂತ ಸದ್ಯಕ್ಕೆ ಹೇಳುವುದಿಲ್ಲ, ನನಗೆ ಇನ್ನೂ ಎರಡು ರೋಲ್ ಬೇಕು. ಕೊಳ್ಳುವಾಗ ಮೈಕ್ರೋಮೀಟರ್ ಒಯ್ಯಿರಿ. 125 ಅಂತ ಹೇಳಿ 100 ಕೊಡುವವರಿದ್ದಾರೆ.

ಈಗ ಮುಖ್ಯ ಕೆಲಸ. ಹಳೇ ಪ್ಯಾನೆಲ್ ಕತ್ತರಿಸಿ ತೆಗೆದು ಅದರ ಅಳತೆಗೆ ಹೊಸದು ಮಾಡಲು ಹೋಗಬೇಡಿ. ಹಾಯಿಯ ಆಕಾರ ಇರುವುದೇ ಜೋಡಣೆಯ ವಕ್ರದಲ್ಲಿ. ಕತ್ತರಿಸಿದ ಕೂಡಲೇ ಅದು ಕೈ ತಪ್ಪುತ್ತದೆ. ಹಳೇ ಪ್ಯಾನೆಲ್ ಮೇಲೇ ಹೊಸ ಫಿಲ್ಮ್ ಹಾಸಿ ಅಂಟಿಸಬೇಕು, ಹೊಲಿಯಬೇಕು. ಆಮೇಲೆ ಹಿಂದಿನಿಂದ ಹಳೆಯದನ್ನು ಕತ್ತರಿಸಿ ಬಿಡಬೇಕು. ಇಡೀ ಹಾಯಿ ನೆಲಕ್ಕೆ ಸಮನಾಗಿ ಕೂರುವುದಿಲ್ಲ, ಕೂರಿಸಲು ಒದ್ದಾಡಲೂ ಬೇಡಿ. ಒಂದೊಂದು ಗೇಣು ಜೋಡಣೆ ಸಪಾಟಾಗಿದ್ದರೆ ಸಾಕು. ಅಷ್ಟು ಅಂಟಿಸಿ ಮುಂದೆ ಸರಿಯಬೇಕು. ಉಳಿದ ಕಡೆ ಫಿಲ್ಮ್ ಉಬ್ಬಿಕೊಂಡು ಕೂತರೂ ಚಿಂತೆ ಇಲ್ಲ, ಮಾಸ್ಟ್ (ಹಾಯಿಯ ಕಂಬ) ಹಾಕಿ ಎಳೆದಾಗ ಸರಿಹೋಗುತ್ತದೆ. ನನ್ನ ಪ್ಯಾನೆಲ್ ಮೀಟರಿಗಿಂತ ಅಗಲ ಇದ್ದದ್ದರಿಂದ ನಡುವೆ ಒಂದು ಜೋಡು ಕೊಟ್ಟೆ.

ಅಂಟು ಹಿಡಿಯಬೇಕಾದರೆ ಉಪ್ಪು ಹೋಗಲೇಬೇಕು. ಸಿಹಿನೀರಲ್ಲಿ ಎರಡು ಸಲ ತೊಳೆದು, ನೆರಳಲ್ಲಿ ಒಣಗಿಸಿ, ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿದೆ. ಮೊಬೈಲ್ ರಿಪೇರಿ ಅಂಗಡಿಯವರ ಹತ್ತಿರ ಇರುತ್ತದೆ. ಸ್ಟೇಷನರಿ ಅಂಗಡಿಯ ಡಬಲ್ ಸೈಡ್ ಟೇಪ್ ಕಾರವಾರದ ಬಿಸಿಲಿಗೆ ಕರಗಿ ಜಾರಿತು. ಕಾರಿನ ಬಾಡಿ ಪಟ್ಟಿಗೆ ಹಾಕುವ ಅಕ್ರಿಲಿಕ್ ಟೇಪ್‌ಗಳಲ್ಲಿ ತೆಳ್ಳಗಿನದು ನಿಂತಿತು. ಫೋಮ್ ಇರುವುದು ಬೇಡ.

ಲಫ್ ಸ್ಲೀವ್ (ಮಾಸ್ಟ್ ತೂರುವ ಮುಂದಿನ ಅಂಚಿನ ಚೀಲ) ಕಡೆ ಮಾತ್ರ ತಾಳ್ಮೆ ಬೇಕು. ಬ್ಲೇಡ್‌ನಿಂದ ಒಂದೊಂದೇ ಹೊಲಿಗೆ ಬಿಚ್ಚಿ, ಹೊಸ ಫಿಲ್ಮಿನ ಅಂಚನ್ನು ಸ್ಲೀವಿನ ಎರಡು ಪದರದ ನಡುವೆ ಹಳೆಯದರ ಪಕ್ಕ ತೂರಿಸಿ, ಹಳೇ ತೂತುಗಳ ಸಾಲಿಗೇ ಮತ್ತೆ ಹೊಲಿಯಬೇಕು. ಒಂದು ಮೊಳಕ್ಕಿಂತ ಜಾಸ್ತಿ ಒಮ್ಮೆಗೇ ಬಿಚ್ಚಬೇಡಿ. ಸ್ಲೀವ್ ತಿರುಚಿಕೊಂಡರೆ ಮಾಸ್ಟ್ ಒಳಗೆ ಹೋಗುವಾಗ ಹಿಡಿಯುತ್ತದೆ.

ಹೊಲಿಗೆಗೆ ಒಬ್ಬ ಟೇಲರ್ ಹತ್ತಿರ ಹೋದೆ. ನೇರ ಹೊಲಿಗೆ, ಸಣ್ಣ ಸಣ್ಣ ಟಾಕಿ ಹಾಕಿ ಒಂದು ಸ್ಯಾಂಪಲ್ ಮಾಡಿಕೊಟ್ಟರು. ಎಳೆದ ಕೂಡಲೇ ಅಂಚೆ ಚೀಟಿ ಹರಿದ ಹಾಗೆ ತೂತಿನ ಸಾಲಿಗೇ ಹರಿಯಿತು. ಅವರು "ನೋಡಿ, ನಾನು ಹೇಳಿರಲಿಲ್ವಾ" ಅಂದರು. ಬೇಕಾದದ್ದು ಅಗಲ ಜಿಗ್‌ಜಾಗ್, ದೂರ ದೂರ ಟಾಕಿ. ಆ ಮಷಿನ್ ನಮ್ಮೂರಲ್ಲಿ ಯಾರ ಹತ್ತಿರ ಇದೆ? ಸೀರೆಗೆ ಪಿಕೊ-ಫಾಲ್ ಮಾಡುವವರ ಹತ್ತಿರ! ಪಿಕೊ ಅಂಗಡಿಯ ಅಕ್ಕ ಮೊದಲು ಒಪ್ಪಲಿಲ್ಲ. ಮುರಿದ ಸೂಜಿ ಎಲ್ಲ ನನ್ನ ಖರ್ಚು, ಒಂದು ಮಧ್ಯಾಹ್ನಕ್ಕೆ 500 ಅಂತ ಮಾತಾಯಿತು. 16 ನಂಬರ್ ಸೂಜಿ, ಐದು ಮಿಲಿಮೀಟರ್ ಅಗಲದ ಜಿಗ್‌ಜಾಗ್, ಟಾಕಿ ಹೆಚ್ಚೂಕಮ್ಮಿ ನಾಲ್ಕು ಮಿಲಿಮೀಟರ್, ಎರಡು ಸಾಲು. ಹಾಯಿಯನ್ನು ಎರಡೂ ಕಡೆಯಿಂದ ಬಿಗಿಯಾಗಿ ಸುತ್ತಿ, ಒಂದು ಸುರುಳಿಯನ್ನು ಮಷಿನ್ ತೋಳಿನ ಒಳಗೆ ತೂರಿಸಿದೆವು. ನಾನು ಎಳೆಯುವುದು, ಅಕ್ಕ ತಳ್ಳುವುದು. ಟೇಪಿನ ಅಂಟು ಸೂಜಿಗೆ ಹತ್ತಿ ನೂಲು ಕಡಿಯುತ್ತಿತ್ತು. ಪ್ರತಿ ಗೇಣಿಗೆ ಸೂಜಿ ಒರೆಸಿದೆವು. ಫಿಲ್ಮ್ ಮಷಿನ್ ಕಾಲಿನ ಅಡಿ ಹಿಡಿದುಕೊಳ್ಳದ ಹಾಗೆ ಒಂದು ಉಪಾಯ ಮಾಡಿದೆ. ಅದನ್ನು ಕಂಡುಹಿಡಿಯಲು ತುಂಬಾ ಫಿಲ್ಮ್ ಹಾಳಾಗಿದೆ, ಅದು ನನ್ನ ಹತ್ತಿರವೇ ಇರಲಿ.

ನೂಲು ಪಾಲಿಯೆಸ್ಟರ್ ಆಗಿರಲಿ. ಬ್ಯಾಗ್ ಹೊಲಿಯುವವರ ಹತ್ತಿರ ಸಿಗುತ್ತದೆ. ಬಲೆಯ ನೈಲಾನ್ ಎಳೆ ಗಟ್ಟಿ ಅಂತ ಮೀನುಗಾರ ಗೆಳೆಯರು ಕೊಟ್ಟರು. ಗಟ್ಟಿ ಹೌದು, ಆದರೆ ಗಂಟು ಜಾರುತ್ತದೆ, ಫಿಲ್ಮನ್ನೇ ಕೊಯ್ಯುತ್ತದೆ. ಕ್ಲೂ (ಹಾಯಿಯ ಹಿಂದಿನ ಮೂಲೆ) ಹತ್ತಿರದ ದಪ್ಪ ಪದರಗಳಿಗೆ ಪಿಕೊ ಮಷಿನ್ ಸಾಲದು. ಅಲ್ಲಿ ಚಪ್ಪಲಿ ಹೊಲಿಯುವವರು ಕೈಯಲ್ಲೇ ಆರಿ ಹಾಕಿ ಹೊಲಿದುಕೊಟ್ಟರು. 150 ರೂಪಾಯಿ, ಅಪ್ಪಟ ಕೆಲಸ.

ನಡುವೆ ಬೇರೆ ಪ್ರಯೋಗಗಳೂ ನಡೆದವು. ಹಳೇ ಎಕ್ಸ್‌ರೇ ಫಿಲ್ಮ್ ಇರುತ್ತದಲ್ಲ, ಅದರ ತಳವೂ ಪಾಲಿಯೆಸ್ಟರೇ, 175 ಮೈಕ್ರಾನ್ ಹತ್ತಿರ. ಬ್ಲೀಚಿಂಗ್ ನೀರಲ್ಲಿ ನೆನೆಸಿಟ್ಟರೆ ಮೇಲಿನ ಕಪ್ಪು ಪದರ ಲೋಳೆಯಾಗಿ ಬಿಡುತ್ತದೆ, ತಿಳಿ ನೀಲಿ ಹಾಳೆ ಉಳಿಯುತ್ತದೆ. ಹಾಯಿಯ ಅಡಿಭಾಗ ಬೋರ್ಡಿಗೆ ಉಜ್ಜುವ ಕಡೆ ಅದನ್ನು ತೇಪೆ ಹಾಕಿದ್ದೇನೆ. ಬೋರ್ಡಿನ ಒರಟು ಮೈಗೆ ಉಜ್ಜಿದರೂ ಸವೆದಿಲ್ಲ. ಮುರಿದ ಬ್ಯಾಟನ್ ಬದಲು ಅಡಿಕೆ ದಬ್ಬೆ ಕೆತ್ತಿಯೂ ನೋಡಿದೆ. ನಯವಾಗಿ ಕೆತ್ತಿದರೆ ಬಾಗುವುದು ಚೆನ್ನಾಗಿಯೇ ಬಾಗುತ್ತದೆ. ನೀರು ಕುಡಿದು ಉಬ್ಬಿ ಪಾಕೆಟ್‌ನೊಳಗೆ ಸಿಕ್ಕಿಹಾಕಿಕೊಂಡಿತು, ಎಳೆದು ತೆಗೆಯಲು ಇಬ್ಬರು ಬೇಕಾಯಿತು. ಎಪಾಕ್ಸಿ ಬಳಿದು ಮತ್ತೊಮ್ಮೆ ಮಾಡಬೇಕು ಅಂತಿದೆ, ಆ ಮರದ ಮೇಲೆ ನನಗೆ ಇನ್ನೂ ನಂಬಿಕೆ ಇದೆ.

ಎಲ್ಲ ಸೇರಿ 2,500 ದಾಟಲಿಲ್ಲ, ಹಾಳಾದ ಫಿಲ್ಮೂ ಸೇರಿ. ಮೊದಲಿನ ಟೇಪಿನ ಖರ್ಚು ಬೇರೆ. ಮೊದಲ ದಿನ ಟಾಗೋರ್ ಬೀಚಿನಲ್ಲಿ ಮಧ್ಯಾಹ್ನ ಎರಡರ ಮೇಲೆ ವಾಯವ್ಯದ ಗಾಳಿ ಎದ್ದಿತು, 12ರಿಂದ 14 ನಾಟ್ ಇರಬಹುದು. ಡೌನ್‌ಹಾಲ್ ಪೂರ್ತಿ ಎಳೆದೆ. ಹೊಸ ಪ್ಯಾನೆಲ್‌ನಲ್ಲಿ ಒಂದು ಸುಕ್ಕು ಇಲ್ಲ. ಗಾಳಿ ತುಂಬಿದಾಗ ಹೊಟ್ಟೆ ಹಳೇ ಜಾಗದಲ್ಲೇ ನಿಂತಿತು. ಬೋರ್ಡ್ ಪ್ಲೇನ್ ಆಯಿತು, ಅಂದರೆ ನೀರಿನ ಮೇಲೆ ಎದ್ದು ಜಾರತೊಡಗಿತು. ಆ ಕ್ಷಣದ ಖುಷಿಗೆ ಇಷ್ಟೆಲ್ಲ ಓಡಾಟ ಏನೂ ಅಲ್ಲ.

ಒಂದು ಮಿತಿ ಇದೆ. ಮೋಟಾರಿಗೆಂದು ಮಾಡಿದ ಈ ಫಿಲ್ಮಿಗೆ ಬಿಸಿಲಿನ ರಕ್ಷಣೆ ಇಲ್ಲ. ಹಾಗಾಗಿ ಹಾಯಿಯನ್ನು ಮರಳ ಮೇಲೆ ಬಿಸಿಲಲ್ಲಿ ಬಿಡುವುದಿಲ್ಲ. ಗಾಳಿ ಬಿದ್ದರೆ ಸುತ್ತಿ ಗಾಳಿಮರದ ನೆರಳಿಗೆ ಒಯ್ಯುತ್ತೇನೆ. ಮಳೆಗಾಲಕ್ಕೆ ಒಣಗಿಸಿ, ಸಡಿಲವಾಗಿ ಸುತ್ತಿ, ಅಟ್ಟದಲ್ಲಿ ಇಲಿ ಹತ್ತದ ಹಾಗೆ ತೂಗುಹಾಕಿದ್ದೇನೆ. ಸೆಪ್ಟೆಂಬರ್ ಮೇಲೆ ಗೆಳೆಯರೊಬ್ಬರ 7.0ರ ಹಾಯಿ ಇದೇ ರೀತಿ ಬಿಚ್ಚುವುದಿದೆ. ಅದರಲ್ಲಿ ಎರಡು ಪ್ಯಾನೆಲ್ ಸತ್ತಿವೆ, ಪಿಕೊ ಅಕ್ಕನಿಗೆ ಈಗಲೇ ಹೇಳಿಟ್ಟಿದ್ದೇನೆ.