ವಾಣಿಜ್ಯ ಕಟ್ಟಡದ ವಿದ್ಯುತ್ ಬಳಕೆ ತಗ್ಗಿಸುವುದು ಹೇಗೆ? ರಾತ್ರಿಯ ಮೀಟರಿನಿಂದ ಆರಂಭಿಸಿ

ಇಂಧನ ದಕ್ಷತೆಯ ನಿಯಮ ಪಾಲಿಸಬೇಕೆಂದು ನೋಟಿಸು ಬಂದಾಗ, ಅಥವಾ ಬಾಡಿಗೆಗೆ ಬರುವವರು ಕಟ್ಟಡದ ರೇಟಿಂಗ್ ಎಷ್ಟೆಂದು ಕೇಳಿದಾಗ, ಬಹುತೇಕ ಮಾಲೀಕರು ಮಾಡುವ ಮೊದಲ ಕೆಲಸವೆಂದರೆ ಏನನ್ನಾದರೂ ಕೊಳ್ಳುವುದು. ತಾರಸಿಗೆ ಸೌರ ಫಲಕ ಬರುತ್ತದೆ, ದೀಪಗಳೆಲ್ಲ ಎಲ್‌ಇಡಿ ಆಗುತ್ತವೆ, ಹಳೆಯ ಚಿಲ್ಲರ್ (ಇಡೀ ಕಟ್ಟಡದ ಎಸಿಗೆ ನೀರು ತಣಿಸುವ ಯಂತ್ರ) ಇದ್ದಲ್ಲಿ ಹೊಸದು ಕೂರುತ್ತದೆ. ಆದರೂ ವರ್ಷದ ಕೊನೆಗೆ ಬಿಲ್ಲು ಅಂದುಕೊಂಡಷ್ಟು ಇಳಿದಿರುವುದಿಲ್ಲ. ಇಂಥ ಕಟ್ಟಡಗಳಲ್ಲಿ ಮತ್ತೆ ಮತ್ತೆ ಕಾಣುವ ಕೊರತೆ ಒಂದೇ: ಜನರಿಲ್ಲದ ಹೊತ್ತಿನಲ್ಲಿ ಕಟ್ಟಡ ಎಷ್ಟು ವಿದ್ಯುತ್ ಬಳಸುತ್ತಿದೆ ಎಂಬುದನ್ನು ಯಾರೂ ಅಳೆದಿರುವುದಿಲ್ಲ. ಆದ್ದರಿಂದ ಈ ಲೇಖನದಲ್ಲಿ ಆ ಒಂದು ಹಂತಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ. ಉಳಿದವು ಅಷ್ಟು ಕಷ್ಟದವಲ್ಲ.

ಹಂತ 1: ನಿಯಮ ಏನನ್ನು ಅಳೆಯುತ್ತದೆ ಎಂದು ತಿಳಿದುಕೊಳ್ಳಿ

ಜಗತ್ತಿನ ನಿಯಮಗಳು ಸ್ಥೂಲವಾಗಿ ಎರಡು ಬಗೆಯವು. ಮೊದಲನೆಯವು ಕಟ್ಟಡದ ಗೋಡೆ, ಗಾಜು, ಯಂತ್ರಗಳ ಗುಣಮಟ್ಟವನ್ನು ಲೆಕ್ಕ ಹಾಕಿ ದರ್ಜೆ ಕೊಡುತ್ತವೆ. ಎರಡನೆಯವು ಕಟ್ಟಡ ನಿಜವಾಗಿ ಬಳಸಿದ ಶಕ್ತಿಯನ್ನು ಅಳೆಯುತ್ತವೆ. ಇಂಗ್ಲೆಂಡ್ ಮತ್ತು ವೇಲ್ಸ್‌ನ ಇಂಧನ ದಕ್ಷತಾ ಪ್ರಮಾಣಪತ್ರ ಮೊದಲ ಬಗೆಯದು. ಅಲ್ಲಿ ‘ಎ’ಯಿಂದ ‘ಜಿ’ವರೆಗಿನ ದರ್ಜೆಗಳಲ್ಲಿ ‘ಎಫ್’ ಅಥವಾ ‘ಜಿ’ ಪಡೆದ ವಾಣಿಜ್ಯ ಕಟ್ಟಡವನ್ನು, ನೋಂದಾಯಿತ ವಿನಾಯಿತಿ ಇಲ್ಲದಿದ್ದರೆ, 2018ರ ಏಪ್ರಿಲ್‌ನಿಂದ ಹೊಸದಾಗಿ ಬಾಡಿಗೆಗೆ ಕೊಡುವಂತಿಲ್ಲ. 2023ರ ಏಪ್ರಿಲ್‌ನಿಂದ ಚಾಲ್ತಿಯಲ್ಲಿರುವ ಕರಾರುಗಳಿಗೂ ಇದೇ ನಿರ್ಬಂಧ ಅನ್ವಯಿಸುತ್ತದೆ. ಆಸ್ಟ್ರೇಲಿಯಾದ ನೇಬರ್ಸ್ ಎಂಬ ರೇಟಿಂಗ್ ವ್ಯವಸ್ಥೆ ಎರಡನೆಯ ಬಗೆಯದು. 1,000 ಚದರ ಮೀಟರ್ ಅಥವಾ ಅದಕ್ಕಿಂತ ದೊಡ್ಡ ಕಚೇರಿ ಜಾಗವನ್ನು ಮಾರುವಾಗ ಅಥವಾ ಬಾಡಿಗೆಗೆ ಕೊಡುವಾಗ ಅದರ ರೇಟಿಂಗ್ ಅನ್ನು ಬಹಿರಂಗಪಡಿಸಬೇಕು. ನ್ಯೂಯಾರ್ಕ್ ನಗರದ 2019ರ ಕಾನೂನು 25,000 ಚದರ ಅಡಿ ಮೀರಿದ ಹೆಚ್ಚಿನ ಕಟ್ಟಡಗಳ ಇಂಗಾಲ ಹೊರಸೂಸುವಿಕೆಗೆ 2024ರಿಂದ ಮಿತಿ ಹಾಕಿದೆ. ಭಾರತದಲ್ಲಿ 2007ರಲ್ಲಿ ಬಂದು 2017ರಲ್ಲಿ ಪರಿಷ್ಕೃತವಾದ ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆಯು 100 ಕಿಲೋವ್ಯಾಟ್ ಸಂಪರ್ಕಿತ ಲೋಡ್ (ಜೋಡಿಸಿದ ಎಲ್ಲ ಯಂತ್ರಗಳ ಒಟ್ಟು ಸಾಮರ್ಥ್ಯ) ಅಥವಾ 120 ಕೆವಿಎ ಒಪ್ಪಂದದ ಬೇಡಿಕೆ (ಸರಬರಾಜು ಸಂಸ್ಥೆಯೊಡನೆ ಒಪ್ಪಿದ ಗರಿಷ್ಠ ಬೇಡಿಕೆ) ಇಲ್ಲವೆ ಅದಕ್ಕಿಂತ ಹೆಚ್ಚು ಇರುವ ವಾಣಿಜ್ಯ ಕಟ್ಟಡಗಳ ನಿರ್ಮಾಣವನ್ನು ಗಮನದಲ್ಲಿಟ್ಟುಕೊಂಡಿದ್ದರೆ, ಇಂಧನ ದಕ್ಷತಾ ಬ್ಯೂರೊದ ಕಚೇರಿ ಕಟ್ಟಡಗಳ ಸ್ಟಾರ್ ರೇಟಿಂಗ್ ನಿಜವಾದ ಬಳಕೆಯನ್ನೇ ನೋಡುತ್ತದೆ.

ಮೊದಲ ಬಗೆಯ ನಿಯಮದಲ್ಲಿ ಒಳ್ಳೆಯ ದರ್ಜೆ ಸಿಕ್ಕಿತೆಂದರೆ ಕಟ್ಟಡ ಮಿತವ್ಯಯಿ ಎಂದು ಅರ್ಥವಲ್ಲ. ನಿಮಗೆ ಯಾವ ನಿಯಮ ಅನ್ವಯವಾದರೂ ನಿಜವಾದ ಬಳಕೆಯನ್ನು ಅಳೆಯಲೇಬೇಕು, ಏಕೆಂದರೆ ಬಿಲ್ಲು ಬರುವುದು ಪ್ರಮಾಣಪತ್ರದ ಮೇಲಲ್ಲ, ಮೀಟರಿನ ಮೇಲೆ.

ಹಂತ 2: ಚದರ ಮೀಟರಿಗೆ ಎಷ್ಟು ಯೂನಿಟ್?

ಸತತ ಹನ್ನೆರಡು ತಿಂಗಳ ಬಿಲ್ಲಿನ ಯೂನಿಟ್‌ಗಳನ್ನು ಕೂಡಿಸಿ, ಜನರೇಟರ್‌ನಿಂದ ಬಂದ ಯೂನಿಟ್‌ಗಳನ್ನು ಸೇರಿಸಿ, ಮೊತ್ತವನ್ನು ಕಟ್ಟಡದ ವಿಸ್ತೀರ್ಣದಿಂದ ಭಾಗಿಸಿದರೆ ವರ್ಷಕ್ಕೆ ಒಂದು ಚದರ ಮೀಟರಿಗೆ ಎಷ್ಟು ಯೂನಿಟ್ ಖರ್ಚಾಗುತ್ತಿದೆ ಎಂಬುದು ಸಿಗುತ್ತದೆ. ಲೆಕ್ಕ ಇಷ್ಟೇ, ಆದರೆ ವಿಸ್ತೀರ್ಣದ ವಿಚಾರದಲ್ಲಿ ಜನ ಎಡವುತ್ತಾರೆ. ವರ್ಷಕ್ಕೆ 9,51,200 ಯೂನಿಟ್ ಬಳಸುವ, 6,000 ಚದರ ಮೀಟರಿನ ಕಚೇರಿಯೊಂದನ್ನು ಉದಾಹರಣೆಗೆ ಇಟ್ಟುಕೊಳ್ಳಿ. ಅದರ ಸೂಚ್ಯಂಕ, ಅಂದರೆ ಚದರ ಮೀಟರಿಗೆ ಬೀಳುವ ಯೂನಿಟ್, ಸುಮಾರು 159. ಯಾರಾದರೂ 1,500 ಚದರ ಮೀಟರಿನ ವಾಹನ ನಿಲುಗಡೆಯ ಜಾಗವನ್ನೂ ವಿಸ್ತೀರ್ಣಕ್ಕೆ ಸೇರಿಸಿಬಿಟ್ಟರೆ ಅದು 127ಕ್ಕೆ ಇಳಿದು, ಒಂದು ಯೂನಿಟ್ಟನ್ನೂ ಉಳಿಸದೆ ಕಟ್ಟಡ ಸುಧಾರಿಸಿದಂತೆ ಕಾಣುತ್ತದೆ. ತಾರಸಿಯಲ್ಲಿ ತಯಾರಾದ ಸೌರ ವಿದ್ಯುತ್ತನ್ನು ಪ್ರತ್ಯೇಕ ಕಾಲಂನಲ್ಲಿ ಬರೆದಿಡಿ. ಅದನ್ನು ಬಳಕೆಯಿಂದ ಕಳೆದು ತೋರಿಸಿದರೆ ಕಟ್ಟಡದ ಸೋರಿಕೆ ಕಣ್ಣಿಗೆ ಬೀಳುವುದೇ ಇಲ್ಲ.

ಹಂತ 3: ರಾತ್ರಿಯ ಲೋಡ್ ಅಳೆಯಿರಿ

ವರ್ಷಕ್ಕೆ 8,760 ಗಂಟೆ. ದಿನಕ್ಕೆ ಹತ್ತು ಗಂಟೆ, ವಾರಕ್ಕೆ ಐದು ದಿನ ತೆರೆದಿರುವ ಕಚೇರಿ ನಡೆಯುವುದು 2,600 ಗಂಟೆ ಮಾತ್ರ. ಉಳಿದ 6,160 ಗಂಟೆ, ಅಂದರೆ ವರ್ಷದ ಶೇ 70ರಷ್ಟು ಕಾಲ, ಅದು ಖಾಲಿ. ಮೇಲಿನ ಉದಾಹರಣೆಯ ಕಚೇರಿ ಹಗಲು ಸರಾಸರಿ 200 ಕಿಲೋವ್ಯಾಟ್, ಖಾಲಿ ಇದ್ದಾಗ 70 ಕಿಲೋವ್ಯಾಟ್ ಬಳಸುತ್ತದೆ ಎನ್ನಿ. ಒಂದು ಕಿಲೋವ್ಯಾಟ್ ಒಂದು ಗಂಟೆ ಬಳಕೆಯಾದರೆ ಒಂದು ಯೂನಿಟ್. ಆ ಲೆಕ್ಕದಲ್ಲಿ ಕೆಲಸದ ಹೊತ್ತಿನ ಬಳಕೆ 5,20,000 ಯೂನಿಟ್ ಆದರೆ, ಖಾಲಿ ಹೊತ್ತಿನದು 4,31,200 ಯೂನಿಟ್. ಒಟ್ಟು ಬಳಕೆಯ ಶೇ 45ರಷ್ಟು ಯಾರಿಗೂ ಬೆಳಕನ್ನೂ ತಂಪನ್ನೂ ಕೊಡದ ಹೊತ್ತಿನಲ್ಲಿ ಖರ್ಚಾಗಿರುತ್ತದೆ. ಆ 70ನ್ನು 40ಕ್ಕೆ ಇಳಿಸಿದರೂ 1,84,800 ಯೂನಿಟ್ ಉಳಿಯುತ್ತದೆ, ಅದೂ ಬಹುಪಾಲು ಸ್ವಿಚ್ಚು ಮತ್ತು ಟೈಮರ್‌ಗಳ ಕೆಲಸದಿಂದಲೇ.

ಮೊದಲಿಗೆ, ವಿದ್ಯುತ್ ಸರಬರಾಜು ಸಂಸ್ಥೆಯಿಂದ ಅಥವಾ ಮೀಟರಿನಿಂದಲೇ ಹದಿನೈದು ಇಲ್ಲವೆ ಮೂವತ್ತು ನಿಮಿಷಕ್ಕೊಮ್ಮೆ ದಾಖಲಾದ ಅಂಕಿಗಳನ್ನು ಕನಿಷ್ಠ ನಾಲ್ಕು ವಾರಗಳಿಗೆ ಪಡೆಯಿರಿ. ಅದು ಸಿಗದಿದ್ದರೆ ಕಾವಲು ಸಿಬ್ಬಂದಿಯಿಂದ ಕಚೇರಿ ಮುಚ್ಚಿದ ಮೇಲೊಮ್ಮೆ, ತೆರೆಯುವ ಮೊದಲೊಮ್ಮೆ ಮೀಟರ್ ಬರೆಸಿ. ಎರಡರ ವ್ಯತ್ಯಾಸವನ್ನು ನಡುವಿನ ಗಂಟೆಗಳಿಂದ ಭಾಗಿಸಿದರೆ ರಾತ್ರಿಯ ಸರಾಸರಿ ಕಿಲೋವ್ಯಾಟ್ ಸಿಗುತ್ತದೆ. ದೊಡ್ಡ ಸಂಪರ್ಕಗಳ ಮೀಟರಿಗೆ ಗುಣಕವೊಂದು ಇರುತ್ತದೆ ಎಂಬುದನ್ನು ಮರೆಯಬೇಡಿ. ಪರದೆಯ ಮೇಲಿನ ಅಂಕಿಯನ್ನು ಆ ಗುಣಕದಿಂದ ಗುಣಿಸದೆ ‘ನಮ್ಮಲ್ಲಿ ರಾತ್ರಿ ಏನೂ ಖರ್ಚಿಲ್ಲ’ ಎಂದು ನೆಮ್ಮದಿಯಿಂದ ಇರುವವರನ್ನು ನೋಡಿದ್ದೇನೆ. ಗುಣಕ ಬಿಲ್ಲಿನ ಮೇಲೆಯೇ ಮುದ್ರಿತವಾಗಿರುತ್ತದೆ.

ಅಂಕಿಗಳನ್ನು ಗ್ರಾಫಿನಲ್ಲಿ ಹಾಕಿದ ಮೇಲೆ ಮೂರು ಕಡೆ ಕಣ್ಣಿಡಿ: ರಾತ್ರಿ ಗೆರೆ ಎಷ್ಟು ಎತ್ತರದಲ್ಲಿ ನಿಂತಿದೆ, ಬೆಳಿಗ್ಗೆ ಎಷ್ಟು ಹೊತ್ತಿಗೆ ಏರತೊಡಗುತ್ತದೆ, ರಜಾದಿನದ ಗೆರೆ ಕೆಲಸದ ದಿನಕ್ಕಿಂತ ಎಷ್ಟು ಬೇರೆಯಾಗಿದೆ. ಭಾನುವಾರದ ಗೆರೆ ಶುಕ್ರವಾರದ ಗೆರೆಯನ್ನೇ ಹೋಲುತ್ತಿದ್ದರೆ ಎಸಿಯ ಟೈಮರಿಗೆ ರಜೆಯ ದಿನಗಳನ್ನು ಯಾರೂ ತಿಳಿಸಿಲ್ಲ ಎಂದೇ ಅರ್ಥ.

ಅನಂತರ ರಾತ್ರಿ ಕಟ್ಟಡದೊಳಗೆ ನಡೆಯಬೇಕು. ಕೆಲಸದ ದಿನ ಒಂದು ರಾತ್ರಿ, ರಜಾದಿನ ಒಂದು ರಾತ್ರಿ, ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಒಬ್ಬರನ್ನು ಜತೆಗಿಟ್ಟುಕೊಂಡು ಪ್ರತಿ ಪ್ಯಾನಲ್ಲಿನ ಲೋಡ್ ಅಳೆಯಿಸಿ. ಕರೆಂಟ್ ಮಾತ್ರ ತೋರಿಸುವ ಸಾಮಾನ್ಯ ಕ್ಲ್ಯಾಂಪ್ ಮೀಟರ್ ಇದಕ್ಕೆ ಸಾಲದು. ಪವರ್ ಫ್ಯಾಕ್ಟರ್ (ಹರಿದ ಕರೆಂಟಿನಲ್ಲಿ ನಿಜವಾಗಿ ಕೆಲಸಕ್ಕೆ ಬಂದ ಪಾಲು) ಸೇರಿಸಿ ಕಿಲೋವ್ಯಾಟ್ ತೋರಿಸುವ ಪವರ್ ಮೀಟರನ್ನೇ ಬಳಸಿ. ಎಲ್ಲ ಪ್ಯಾನಲ್ಲುಗಳ ಮೊತ್ತ ಮುಖ್ಯ ಮೀಟರಿನ ಅಂಕಿಗೆ ಶೇ 10ರ ಒಳಗೆ ತಾಳೆಯಾಗುವವರೆಗೆ ಪಟ್ಟಿ ಮುಗಿಯಿತೆಂದು ಭಾವಿಸಬೇಡಿ. ತಾಳೆಯಾಗದೆ ಉಳಿದ ಭಾಗದಲ್ಲಿಯೇ ಸಾಮಾನ್ಯವಾಗಿ ದೊಡ್ಡ ಸೋರಿಕೆ ಇರುತ್ತದೆ.

ಪಟ್ಟಿಯಲ್ಲಿ ಮತ್ತೆ ಮತ್ತೆ ಸಿಗುವವು ಇವು: ದುರಸ್ತಿಗೆ ಬಂದವರು ‘ಆಟೊ’ದಿಂದ ‘ಹ್ಯಾಂಡ್’ಗೆ (ಟೈಮರ್ ಲೆಕ್ಕಿಸದೆ ಸದಾ ಓಡುವಂತೆ) ತಿರುಗಿಸಿ ಹಾಗೆಯೇ ಬಿಟ್ಟುಹೋದ ಎಎಚ್‌ಯು (ತಂಪು ಗಾಳಿಯನ್ನು ಮಹಡಿಗಳಿಗೆ ತಳ್ಳುವ ಘಟಕ) ಫ್ಯಾನುಗಳು, ಚಿಲ್ಲರ್ ನಿಂತ ಮೇಲೂ ತಿರುಗುತ್ತಲೇ ಇರುವ ನೀರಿನ ಪಂಪುಗಳು, ಶೌಚಾಲಯದ ಎಕ್ಸಾಸ್ಟ್ ಫ್ಯಾನುಗಳು, ನೆಲಮಾಳಿಗೆಯ ದೀಪ ಮತ್ತು ಗಾಳಿ ವ್ಯವಸ್ಥೆ, ನಾಮಫಲಕದ ಬೆಳಕು, ಕುಡಿಯುವ ನೀರಿನ ಕೂಲರುಗಳು, ಅಗತ್ಯಕ್ಕಿಂತ ಬಹಳ ದೊಡ್ಡದಾದ ಯುಪಿಎಸ್. ಸರ್ವರ್ ಕೋಣೆಯನ್ನಂತೂ ಅನೇಕರು ಶೀತಲಗೃಹದಂತೆ ಇಟ್ಟಿರುತ್ತಾರೆ. ಸರ್ವರಿನೊಳಕ್ಕೆ ಹೋಗುವ ಗಾಳಿ 18ರಿಂದ 27 ಡಿಗ್ರಿ ಸೆಲ್ಸಿಯಸ್ ಇರಬಹುದೆಂದು ಹವಾನಿಯಂತ್ರಣ ಎಂಜಿನಿಯರುಗಳ ಅಮೆರಿಕದ ಆಶ್ರೇ ಸಂಸ್ಥೆಯ ಮಾರ್ಗಸೂಚಿಯೇ ಹೇಳುತ್ತದೆ. ವರ್ಷವಿಡೀ 18ಕ್ಕೆ ಇಡಲು ಕಾರಣವಿಲ್ಲ.

ಪ್ರತಿ ಲೋಡಿನ ಎದುರು ‘ಇದನ್ನು ಆರಿಸಬಹುದೇ?’ ಎಂದು ಕೇಳಿದರೆ ‘ಇರಲಿ ಬಿಡಿ, ಯಾಕೆ ಬೇಕು’ ಎಂಬ ಉತ್ತರ ಬರುತ್ತದೆ. ‘ಈ ಹೊತ್ತಿನಲ್ಲಿ ಇದು ಯಾರಿಗೆ ಬೇಕು?’ ಎಂದು ಕೇಳಿ, ಆ ವ್ಯಕ್ತಿಯ ಅಥವಾ ವಿಭಾಗದ ಹೆಸರನ್ನು ಬರೆದುಕೊಳ್ಳಿ. ಹೆಸರು ಸಿಗದ ಲೋಡ್ ಆರಿಸಬೇಕಾದದ್ದು. ಅಗ್ನಿಶಾಮಕ ವ್ಯವಸ್ಥೆ, ಅಲಾರಂ, ತುರ್ತು ದೀಪ, ಕ್ಯಾಮೆರಾ, ಔಷಧ ಅಥವಾ ಆಹಾರದ ಶೀತಕಗಳನ್ನು ಮೊದಲೇ ಗುರುತಿಸಿ ಬದಿಗಿಡಿ; ಅವುಗಳನ್ನು ಯಾವ ಕಾರಣಕ್ಕೂ ಪ್ರಯೋಗಕ್ಕೆ ಒಳಪಡಿಸಕೂಡದು.

ಹಂತ 4: ಸಮಯ ಮತ್ತು ಸೆಟ್ಟಿಂಗ್ ಸರಿಪಡಿಸಿ

ಒಂಬತ್ತಕ್ಕೆ ತೆರೆಯುವ ಕಚೇರಿಯ ಎಸಿ ಐದಕ್ಕೇ ಆರಂಭವಾಗುತ್ತಿದ್ದರೆ, ವಾರಕ್ಕೆ ಹದಿನೈದು ನಿಮಿಷದಂತೆ ಅದನ್ನು ಮುಂದಕ್ಕೆ ಹಾಕುತ್ತ ಬನ್ನಿ. ಸೆಕೆಯೆಂಬ ದೂರು ಬಂದ ವಾರ ಒಂದು ಹೆಜ್ಜೆ ಹಿಂದೆ ಸರಿದು ಅಲ್ಲಿಗೇ ನಿಲ್ಲಿಸಿ. ಎಸಿಯ ಉಷ್ಣಾಂಶವನ್ನು ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ 6ರಷ್ಟು ವಿದ್ಯುತ್ ಉಳಿಯುತ್ತದೆ ಎಂಬುದು ಇಂಧನ ದಕ್ಷತಾ ಬ್ಯೂರೊದ ಅಂದಾಜು. ಫ್ಯಾನು ಮತ್ತು ಪಂಪುಗಳಿಗೆ ವೇಗ ನಿಯಂತ್ರಕ ಹಾಕುವುದು ನನ್ನ ಮಟ್ಟಿಗೆ ಎಲ್ಲಕ್ಕಿಂತ ಒಳ್ಳೆಯ ಹೂಡಿಕೆ, ಏಕೆಂದರೆ ಫ್ಯಾನಿಗೆ ಬೇಕಾದ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿ ಬದಲಾಗುತ್ತದೆ: ವೇಗವನ್ನು ಶೇ 80ಕ್ಕೆ ಇಳಿಸಿದರೆ ಶಕ್ತಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಆದರೆ ನಿಯಂತ್ರಕ ಹಾಕಿಸಿ ಅದನ್ನು ಸದಾ ಪೂರ್ಣ ವೇಗಕ್ಕೆ ಕಟ್ಟಿಹಾಕಿದ ಕಟ್ಟಡಗಳು ಬಹಳ. ಹಣ ಕೊಡುವ ಮೊದಲು ವೇಗ ತಾನಾಗಿ ಇಳಿಯುತ್ತದೆಯೇ ಎಂದು ನಿಂತು ನೋಡಿ.

ಹಂತ 5: ಈಗ ಕೊಳ್ಳಿರಿ, ಕ್ರಮ ತಪ್ಪದೆ

ಮೊದಲು ಬಿಸಿಲಿಗೆ ಮರೆ ಮತ್ತು ದೀಪ, ಆಮೇಲೆ ಚಿಲ್ಲರ್, ಕೊನೆಗೆ ಸೌರ ಫಲಕ. ಚಿಲ್ಲರನ್ನು ಮೊದಲೇ ಕೊಂಡರೆ ಇಂದಿನ ವ್ಯರ್ಥ ಶಾಖವನ್ನೂ ಸೇರಿಸಿ ಅಳತೆ ನಿರ್ಧರಿಸಬೇಕಾಗುತ್ತದೆ; ದೀಪ ಬದಲಾಯಿಸಿ ಕಿಟಕಿಗೆ ನೆರಳು ಕೊಟ್ಟ ಮೇಲೆ ಅದು ಅಗತ್ಯಕ್ಕಿಂತ ದೊಡ್ಡದಾಗಿ ಉಳಿದುಬಿಡುತ್ತದೆ. ಮರೆಯನ್ನು ಗಾಜಿನ ಹೊರಗೇ ಹಾಕಿಸಿ, ಏಕೆಂದರೆ ಒಳಗಿನ ಪರದೆಗೆ ಬಡಿಯುವ ಬಿಸಿಲು ಆಗಲೇ ಕೋಣೆಯೊಳಗೆ ಬಂದಾಗಿರುತ್ತದೆ. ಚಲನೆ ಗುರುತಿಸುವ ಸೆನ್ಸರ್‌ಗಳು ಶೌಚಾಲಯ, ಸಭಾಕೊಠಡಿ, ಉಗ್ರಾಣಗಳಿಗೆ ಬಹಳ ಒಳ್ಳೆಯವು. ಜನ ಅಲುಗದೆ ಕುಳಿತು ಕೆಲಸ ಮಾಡುವ ದೊಡ್ಡ ಹಾಲಿಗೆ ಬೇಡ, ದೀಪ ಆರುತ್ತಿದೆಯೆಂದು ಸಿಬ್ಬಂದಿ ಅದರ ಮೇಲೆ ಟೇಪು ಅಂಟಿಸುತ್ತಾರೆ.

‘ಪ್ಲಗ್ಗಿಗೆ ಸಿಕ್ಕಿಸಿದರೆ ಬಿಲ್ಲು ಇಳಿಯುತ್ತದೆ’ ಎಂದು ಮಾರುವ ಪೆಟ್ಟಿಗೆಗಳನ್ನು ಖಂಡಿತ ಕೊಳ್ಳಬೇಡಿ. ಸಾಮಾನ್ಯವಾಗಿ ಅವುಗಳೊಳಗೆ ಇರುವುದು ಒಂದು ಚಿಕ್ಕ ಕೆಪಾಸಿಟರ್; ಅದರಿಂದ ಪವರ್ ಫ್ಯಾಕ್ಟರ್ ತುಸು ಸುಧಾರಿಸಬಹುದೇ ಹೊರತು ಯಂತ್ರಗಳು ಬಳಸುವ ಯೂನಿಟ್ ಇಳಿಯುವುದಿಲ್ಲ. ಪವರ್ ಫ್ಯಾಕ್ಟರ್ ತಿದ್ದಬೇಕಾದ ಜಾಗ ಮುಖ್ಯ ಪ್ಯಾನಲ್. ಹಾಗೆಯೇ, ಒಂದೂ ಅಳತೆಯಿಲ್ಲದೆ ಬರೀ ಫೋಟೊಗಳಿಂದ ತುಂಬಿದ ಆಡಿಟ್ ವರದಿಯನ್ನು ಸ್ವೀಕರಿಸಬೇಡಿ.

ಹಂತ 6: ಬಾಡಿಗೆ ಕರಾರು ಮತ್ತು ಉಳಿತಾಯದ ಲೆಕ್ಕ

ಯಂತ್ರಕ್ಕೆ ಹಣ ಹಾಕುವವರು ಮಾಲೀಕರು, ಬಿಲ್ಲಿನ ಲಾಭ ಬಾಡಿಗೆದಾರರಿಗೆ. ಅನೇಕ ಕಟ್ಟಡಗಳಲ್ಲಿ ಕೆಲಸ ನಿಲ್ಲುವುದೇ ಇಲ್ಲಿ. ಪ್ರತಿ ಮಹಡಿಗೂ ಸಬ್‌ಮೀಟರ್ ಹಾಕಿಸಿ, ಬಳಕೆಯ ಅಂಕಿಗಳನ್ನು ಇಬ್ಬರೂ ಹಂಚಿಕೊಳ್ಳಬೇಕು ಮತ್ತು ಉಳಿತಾಯದ ಒಂದು ಪಾಲು ಹೂಡಿದ ಹಣ ತೀರುವವರೆಗೆ ಮಾಲೀಕರಿಗೆ ಸೇರಬೇಕು ಎಂಬ ಷರತ್ತನ್ನು ಕರಾರು ನವೀಕರಿಸುವಾಗಲೇ ಬರೆಸಿ.

ಉಳಿತಾಯವನ್ನು ನೇರವಾಗಿ ಅಳೆಯುವ ಮೀಟರ್ ಇಲ್ಲ, ಮೊದಲಿನ ಬಳಕೆಗೆ ಹೋಲಿಸಿಯೇ ಅದನ್ನು ತಿಳಿಯಬೇಕು. ಮೇ ತಿಂಗಳನ್ನು ಏಪ್ರಿಲ್‌ಗೆ ಹೋಲಿಸಬೇಡಿ, ಹಿಂದಿನ ವರ್ಷದ ಮೇ ತಿಂಗಳಿಗೇ ಹೋಲಿಸಿ. ಆ ವರ್ಷದ ಸೆಕೆ, ಭರ್ತಿಯಾದ ಮಹಡಿಗಳು, ಕೆಲಸದ ದಿನಗಳು ಎಷ್ಟಿದ್ದವೆಂಬುದನ್ನೂ ಪಕ್ಕದಲ್ಲಿ ಬರೆಯಿರಿ. ‘ಹ್ಯಾಂಡ್’ಗೆ ತಿರುಗಿದ ಸ್ವಿಚ್ಚುಗಳು, ಯಾರೋ ಬದಲಿಸಿದ ಟೈಮರುಗಳು ಕೆಲವೇ ತಿಂಗಳಲ್ಲಿ ಮರಳಿ ಬರುತ್ತವೆ. ಆದ್ದರಿಂದ ರಾತ್ರಿಯ ಕಿಲೋವ್ಯಾಟ್ ಅಂಕಿಯನ್ನು ಪ್ರತಿ ತಿಂಗಳು ಬಿಲ್ಲಿನ ಜತೆಗೇ ವ್ಯವಸ್ಥಾಪಕರ ಮೇಜಿಗೆ ಬರುವಂತೆ ಮಾಡಿ, ಹಿಂದಿನ ತಿಂಗಳಿಗಿಂತ ಶೇ 10ರಷ್ಟು ಏರಿದ್ದರೆ ಅದೇ ವಾರ ಮೂರನೆಯ ಹಂತದ ರಾತ್ರಿ ತಪಾಸಣೆಯನ್ನು ಮತ್ತೊಮ್ಮೆ ಮಾಡಿಸಿ.